ಒಂದು ರಿಂಗು

ಜನಾಬಾಯಿಗೆ ಮಗನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ, ಅವನ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಇಡುವುದಾದರೂ ಹೇಗೆ? ಮೈಲಾರಲಿಂಗ ಫೋನು ಮಾರುವವನು. ಅಕ್ಕಲಕೋಟದ ಎಸ್‌ಟಿ ಬಸ್ ಸ್ಟ್ಯಾಂಡಿನ ಎದುರು ಕಂಪನಿಯ ಛತ್ರಿ ನೆಟ್ಟು ಸಿಮ್ ಮಾರಲು ಶುರು ಮಾಡಿದವನು ಈಗ ಸೊಲ್ಲಾಪುರದಲ್ಲಿ ಗಾಜಿನ ಬಾಗಿಲಿನ ಅಂಗಡಿ ಹಾಕಿಕೊಂಡಿದ್ದ. ಛತ್ರಿ ಹೋಗಿ ಗಾಜು ಬಂದಿತ್ತೇ ಹೊರತು ಬಾಯಿ ಅದೇ ಇತ್ತು. ಹಿಂದೆ ತಾನೇ ದೇವರೆಂದು ಮಾರಿದ್ದನ್ನು ಈಗ ತಾನೇ ಹೆಣವೆಂದು ಸಾರುವುದು ಅವನ ಕಸುಬು. ಅದಕ್ಕೆ ಅವನು ಪ್ರಗತಿ ಎನ್ನುತ್ತಿದ್ದ.

ಆ ರವಿವಾರ ಅವನು ಕರಜಗಿಯ ಮನೆಗೆ ಬಂದು, ಚಹಾ ಕುಡಿಯುವುದಕ್ಕೂ ಮೊದಲೇ ಹೊಸ ಸಾವಿನ ಸುದ್ದಿ ಹೇಳಿದ.

"ಯವ್ವಾ, ಟೂಜಿ ಮುಗೀತು. ಇನ್ನ ನಿನ್ನ ಡಬ್ಬಿ ಫೋನ್ ಕೆಲಸದ್ದಲ್ಲ. ತಗೊ, ಇದು ಫೈವ್‌ಜಿ."

"ಯಾವಾಗ ಸತ್ತಿತು?" ಎಂದಳು ಜನಾಬಾಯಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ನಿನ್ನೆ ಸಂಜೀಕ ನಿಮ್ಮಪ್ಪನ ರಿಂಗ್ ಬಂದಿತ್ತಲ್ಲ?"

"ಸತ್ತಂಗ ಅಂದೆ ಯವ್ವಾ."

"ಸತ್ತಂಗ ಇದ್ದದ್ದನ್ನ ಹುಗಿಯಾಕ ಬಂದಿ? ಉಸಿರು ಹೋಗೂತನಾ ತಡೀಬೇಕಲೇ."

ಟೂಜಿ, ತ್ರೀಜಿ ಎಂದರೆ ಏನೆಂದು ಜನಾಬಾಯಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಒಂದೊಂದೂ ಅವಳ ಅಂಗಳದಲ್ಲಿ ಕುಣಿದು ಹೋಗಿತ್ತು.

ಮೊದಲನೆಯದು ಬಂದದ್ದು ಹನ್ನೂರಿನ ಸಾಯಬಣ್ಣನ ಹೊಲಕ್ಕೆ. ಸಾಯಬಣ್ಣ ದೊಡ್ಡ ಜಮೀನಿನವನು. ಹೊಲದಲ್ಲಿ ಟವರ್ ನಿಂತ ಮೇಲೆ ಮೀಸೆಯನ್ನೂ ಅದರ ಎತ್ತರಕ್ಕೇ ಏರಿಸಿದ. ಮಜಾ ಏನೆಂದರೆ, ಟವರಿನ ಬುಡದಲ್ಲಿದ್ದ ಅವನ ಮನೆಯಲ್ಲೇ ಮಾತು ಕೇಳುತ್ತಿರಲಿಲ್ಲ. ಮಾಳಿಗೆ ಹತ್ತಿ ಊರಿಗೆಲ್ಲ ಕೇಳುವಂತೆ ಒದರುತ್ತಿದ್ದ. ದೀಪದ ಬುಡದಲ್ಲಿ ಕತ್ತಲೆ ಎಂದು ಜನ ನಕ್ಕರು. ಆ ವರ್ಷ ಜನಾಬಾಯಿಯ ಗಂಡ ಅಮೋಗಸಿದ್ಧ ಅವನ ಹೊಲದಲ್ಲಿ ಕುರಿ ತರುಬಿದ್ದ. ಕುರಿ ಹೊಲದಲ್ಲಿ ಕೂತು ಹಿಕ್ಕೆ ಹಾಕಿದರೆ ಭೂಮಿಗೆ ಗೊಬ್ಬರ, ಅದಕ್ಕೆ ಬದಲು ಹೊಲದವನು ಕುರಿಗಾರನಿಗೆ ಜೋಳ ಅಳೆಯುವುದು ಅಜ್ಜ ಮುತ್ತಜ್ಜರ ಕಾಲದ ರೂಢಿ. ಸಾಯಬಣ್ಣ ಜೋಳದ ಬದಲು ತಾನು ಬಳಸಿ ಬೇಸತ್ತ ಫೋನೊಂದನ್ನು ಕೈಗಿಟ್ಟ. ಇದರ ಮುಂದೆ ಜೋಳ ಯಾವ ಲೆಕ್ಕ ಎಂದನಂತೆ. ಅಮೋಗಸಿದ್ಧ ಅದನ್ನು ದೇವರ ಪ್ರಸಾದದಂತೆ ಹಿಡಿದುಕೊಂಡು ಬಂದ.

ಆ ಮನೆಯಲ್ಲಿ ಗಂಡ ಹೆಂಡತಿ ಮಂದಿಯ ಮುಂದೆ ನೇರ ಮಾತಾಡುವುದಿಲ್ಲ. ಮಕ್ಕಳ ಮೇಲೆ ಹಾಕಿ ಹೇಳಬೇಕು, ಮಕ್ಕಳಿಲ್ಲದಿದ್ದರೆ ಗೋಡೆಯ ಮೇಲೆ. ಜನಾಬಾಯಿ ಗೋಡೆಗೆ ಹೇಳಿದಳು: "ಹಿಕ್ಕಿ ತಾ ಇಟಗೊಂಡ, ನಮಗ ಡಬ್ಬಿ ಕೊಟ್ಟ. ಇನ್ನ ಇದನ್ನ ಬೀಸಿ ರೊಟ್ಟಿ ಬಡೀಬೇಕು."

ಬೈದದ್ದು ಬೈದಳು, ಆದರೆ ಆ ಡಬ್ಬಿಯೇ ಅವಳ ಸಂಸಾರವನ್ನು ಹಿಡಿದು ನಿಲ್ಲಿಸಿತು. ಅಮೋಗಸಿದ್ಧ ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೊರಟರೆ ತಿರುಗಿ ಮನೆ ಕಾಣುವುದು ಮಳೆಗಾಲಕ್ಕೆ. ಮಗ ಛತ್ರಿಯ ಕೆಳಗಿನ ಮೊದಲ ಗಳಿಕೆಯಲ್ಲಿ ಅವಳಿಗೂ ಒಂದು ಗುಂಡಿಯ ಫೋನು ತಂದುಕೊಟ್ಟ. ಅಂದಿನಿಂದ, ಸಂಜೆ ಕುರಿ ಕೂಡಿಹಾಕಿದ ಮೇಲೆ ಅಮೋಗಸಿದ್ಧ ಎರಡನೇ ಅಂಕಿಯ ಗುಂಡಿಯನ್ನು ಒತ್ತಿ ಹಿಡಿಯುವನು. ಕರಜಗಿಯಲ್ಲಿ ಒಂದು ರಿಂಗ್ ಆಗಿ ಕಟ್ಟಾಗುವುದು. ನಾನಿದ್ದೇನೆ, ಕುರಿ ಇವೆ ಎಂದು ಅದರ ಅರ್ಥ. ಅವಳು ಒಂದು ರಿಂಗ್ ತಿರುಗಿಸುವಳು. ನಾನೂ ಇದ್ದೇನೆ ಎಂದು ಅದರ ಅರ್ಥ. ಅದಾದ ಮೇಲೆಯೇ ಇಬ್ಬರ ಗಂಟಲಲ್ಲೂ ರೊಟ್ಟಿ ಇಳಿಯುತ್ತಿತ್ತು.

ಎತ್ತುವ ಮಾತೇ ಇರಲಿಲ್ಲ. ಆಗಿನ ಕಾಲದಲ್ಲಿ ಕುರಿ ಭೀಮಾ ದಂಡೆಗೆ ಇಳಿದರೆ ಸಾಕು, ಫೋನು ತಾನೇ ಹೊಳೆ ದಾಟಿ ಕರ್ನಾಟಕದ ಟವರ್ ಹಿಡಿಯುತ್ತಿತ್ತು. ಕುರಿ ಈ ದಂಡೆಯಲ್ಲಿ, ಫೋನು ಆ ದಂಡೆಯಲ್ಲಿ. ಹೊರರಾಜ್ಯಕ್ಕೆ ಹೋಗಿದ್ದೀ ಎಂದು ಕಂಪನಿಯು ಫೋನು ಮಾಡಿದವನ ರೊಕ್ಕವನ್ನೂ ಮುರಿಯುತ್ತಿತ್ತು, ಎತ್ತಿದವನ ರೊಕ್ಕವನ್ನೂ ಮುರಿಯುತ್ತಿತ್ತು. ಕುರಿಗಳಿಗೆ ತಿಳಿಯದ ಗಡಿಯನ್ನು ಡಬ್ಬಿ ತಿಳಿದುಕೊಂಡಿತ್ತು. ಒಮ್ಮೆ ಎತ್ತಿ ಕೈ ಸುಟ್ಟುಕೊಂಡ ಅಮೋಗಸಿದ್ಧ, ಇನ್ನು ಯಾರದನ್ನೂ ಎತ್ತುವುದಿಲ್ಲ ಎಂದು ಕುಲದೇವರು ಬೀರೋಬನ ಭಂಡಾರ ಮುಟ್ಟಿ ಆಣೆ ಮಾಡಿದ. ಆ ಸುಲಿಗೆ ನಿಂತು ಎಷ್ಟೋ ವರ್ಷಗಳಾಗಿದ್ದವು. ಆಣೆ ನಿಂತಿರಲಿಲ್ಲ. ಅರಿಸಿನದ ಪುಡಿ ಮುಟ್ಟಿ ಮಾಡಿದ ಆಣೆಯನ್ನು ಬದಲಿಸುವ ಯಾವ ಸ್ಕೀಮೂ ಕಂಪನಿಯ ಹತ್ತಿರ ಇರಲಿಲ್ಲ.

ಆಮೇಲೆ ತ್ರೀಜಿ ಬಂತು. ಇನ್ನು ಮುಖ ನೋಡಿ ಮಾತಾಡಬಹುದು ಎಂದು ಮಗ ಕುಣಿದ. ಕೊಟ್ಟ ಮನೆಯಲ್ಲಿದ್ದ ಮಗಳು ಸಾರಿಕಾಳನ್ನು ತೋರಿಸುತ್ತೇನೆಂದು ತಾಯಿಯ ಮುಂದೆ ಫೋನು ಹಿಡಿದ. ಗಾಣದೆತ್ತಿನಂತೆ ಒಂದು ಚಕ್ರ ಸುತ್ತಿತು, ಸುತ್ತಿತು, ಕೊನೆಗೆ ಸಾರಿಕಾಳ ಅರ್ಧ ಮೂಗು ಬಂದು ಅಲ್ಲಾಡದೆ ನಿಂತಿತು. ಮರುದಿನವೇ ಜನಾಬಾಯಿ ಬಸ್ಸು ಹತ್ತಿ ಮಗಳ ಊರಿಗೆ ಹೋಗಿ, ಉಳಿದ ಅರ್ಧವೂ ಸರಿಯಾಗಿದೆ ಎಂದು ನೋಡಿಕೊಂಡು ಬಂದಳು.

ಫೋರ್‌ಜಿ ಬಂದಾಗ ಅದೇ ಮಗ, ತ್ರೀಜಿ ಕಚರಾ, ಬರೀ ಕಸ ಎಂದ. ಮೊದಲು ಎಲ್ಲ ಪುಕ್ಕಟೆ ಎಂದು ಹಂಚಿದರು, ಜನಕ್ಕೆ ರುಚಿ ಹತ್ತಿದ ಮೇಲೆ ದರ ಏರಿಸಿದರು. ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ ಎನ್ನುವುದು ಕುರುಬರ ಮನೆಯವಳಿಗೆ ಯಾರಾದರೂ ಹೇಳಬೇಕೇ? ಒಮ್ಮೆ ಸಿಮ್ ಕೊಂಡರೆ ಆಯುಷ್ಯಪೂರ್ತಿ ರಿಂಗ್ ಬರುತ್ತದೆ ಎಂದು ಮಾರಿದ್ದವನೂ ಇವನೇ, ಈಗ ತಿಂಗಳಿಗೊಮ್ಮೆ ತುಂಬದಿದ್ದರೆ ಬರುವ ರಿಂಗೂ ಬಂದ್ ಎಂದವನೂ ಇವನೇ. "ಯಾರ ಆಯುಷ್ಯಲೇ ಅದು?" ಎಂದು ಜನಾಬಾಯಿ ಕೇಳಿದ್ದಳು. "ನಂದೋ, ಕಂಪನೀದೋ?" ಮಗ ನಕ್ಕು, ತಿಂಗಳು ತಿಂಗಳು ತಾನೇ ತುಂಬಿಸುತ್ತ ಬಂದಿದ್ದ. ಅಷ್ಟು ಒಳ್ಳೆಯತನ ಅವನಲ್ಲಿ ಇತ್ತು ಎನ್ನಬೇಕು.

ಗಂಡನ ಜೊತೆ ಕುರಿ ಕಾಯುವ ಭೀಮಣ್ಣನೂ ಮರುಳಾಗಿ ಅಂಗೈಯಗಲದ ಒಂದು ಫೋರ್‌ಜಿ ಫೋನು ಕೊಂಡ. ರಸ್ತೆ ಬಿಟ್ಟು ಹೊಳೆಯ ಕಡೆ ಇಳಿದರೆ ಅದಕ್ಕೆ ಉಸಿರೇ ಇಲ್ಲ. ಅಲ್ಲಿಗೆ ಮುಟ್ಟುವುದು ಹಳೆಯ ಟೂಜಿ ಮಾತ್ರ. ಅವನು ಅದರ ಗಾಜಿನಲ್ಲಿ ಮುಖ ನೋಡಿ ಗಡ್ಡ ಹೆರೆದುಕೊಳ್ಳುತ್ತಿದ್ದ.

ಈಗ ಫೈವ್‌ಜಿ.

"ಇದರಾಗ ಡಾಕ್ಟರ್ ಮುಂಬೈದಾಗ ಕುಂತು ಇಲ್ಲೆ ಆಪರೇಶನ್ ಮಾಡ್ತಾನ ಯವ್ವಾ."

"ಮೊದಲ ಕಾಲಿಲೆ ನಡಕೊಂತ ಬರು ಡಾಕ್ಟರನ್ನ ತೋರ್ಸು. ನಿಮ್ಮಪ್ಪನ ರಿಂಗ್ ಬರ್ತೈತೋ ಇಲ್ಲೋ? ಅಷ್ಟ ಹೇಳು."

"ಇಡೀ ಜಗತ್ತ ಬರ್ತೈತಿ. ಅಪ್ಪನ ಒಂದ ರಿಂಗ್ ಏನ ದೊಡ್ಡದು?"

ಹಳೆಯದನ್ನು ಕೊಟ್ಟವರಿಗೆ ಹೊಸದು ಎಂಬ ಸ್ಕೀಮ್ ನಡೆದಿತ್ತು. ತನ್ನ ಅಂಗಡಿಯ ಎಣಿಕೆಗೆ ಒಂದು ಹಳೆಯ ಫೋನು ಕೂಡಲಿ ಎಂದು ಮೈಲಾರಲಿಂಗ ತಾಯಿಯ ಡಬ್ಬಿಯನ್ನು ಬಂದ್ ಮಾಡಿ, ಸಿಮ್ಮಿನ ಸಮೇತ ಕಿಸೆಗೆ ಹಾಕಿಕೊಂಡ. ವರ್ಷ ವರ್ಷ ಬೀರೋಬನ ಗುಡಿಯಲ್ಲಿ ಭಂಡಾರ ಹಾರಿಸುವಾಗ ಜನಾಬಾಯಿ ಅದಕ್ಕೂ ಒಂದು ಚಿಟಿಕೆ ಹಚ್ಚುತ್ತಿದ್ದಳು. ಗುಂಡಿಗಳೆಲ್ಲ ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ಮಗನ ಕಿಸೆಯೂ ಹಳದಿಯಾಯಿತು.

ಅಂದು ಸಂಜೆ ಜನಾಬಾಯಿ ಹೊಸ ಫೋನನ್ನು ಮುಂದಿಟ್ಟುಕೊಂಡು ಕೂತಳು. ಟಿಣ್ ಎಂದಿತು. ಸೊಲ್ಲಾಪುರದಲ್ಲಿ ಬಿಸಿಲು ಎಂದಿತು. ಟಿಣ್ ಎಂದಿತು. ಯಾವಳೋ ನಟಿಯ ಲಗ್ನ ತೋರಿಸಿತು. ಸಾಲ ಬೇಕೇ ಎಂದಿತು, ಮೊಣಕಾಲು ನೋವೇ ಎಂದಿತು. ಮಗ ಹೇಳಿದ್ದು ಸುಳ್ಳಲ್ಲ, ಜಗತ್ತೇ ಬಂತು. ಗಂಡನ ಒಂದು ರಿಂಗು ಬರಲಿಲ್ಲ. ಬಡಿದಿಟ್ಟ ರೊಟ್ಟಿ ಹಾಗೆಯೇ ಒಣಗಿತು.

ಮರುದಿನ ಹೊಸ ಫೋನಿನ ಗಾಜಿನ ಮೇಲಿದ್ದ ಮಗನ ಮುಖವನ್ನು ಬೆರಳಿನಿಂದ ತಿವಿದು, ಫೋನು ಹಚ್ಚಿ, ರಿಂಗ್ ಯಾಕೆ ಬರಲಿಲ್ಲ ಎಂದು ಕೇಳಿದಳು.

"ಅಯ್ಯ, ನಂಬರ್ ಹೊಸಾದೈತಲ್ಲ ಯವ್ವಾ!" ಎಂದ ಅವನು ನಗುತ್ತ. "ಹೊಸ ನಂಬರಿಗೇ ಸ್ಕೀಮ್ ಇತ್ತು. ನಾ ಅಪ್ಪಗ ಹೇಳ್ತೀನಿ, ಕಾಳಜಿ ಬಿಡು."

ಯಾರಿಗೆ ಒಂದು ನಂಬರ್ ಬಿಟ್ಟು ಇನ್ನೊಂದನ್ನು ಒತ್ತಲು ಬಾರದೋ, ಅವನಿಗೊಬ್ಬನಿಗೇ ಹೇಳದೆ ನಂಬರ್ ಬದಲಿಸಿದ ಜಾಣ! ಹಳೆಯದನ್ನು ತಂದುಕೊಡು ಎಂದರೆ ಅದು ಕಂಪನಿಗೆ ಹೋಗುವ ಮಾಲು ಎಂದ. ಆಮೇಲೆ ಅವನು ತಂದೆಗೆ ಮೇಲಿಂದ ಮೇಲೆ ಹಚ್ಚಿದ. ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ ಎಂದ.

"ಎತ್ತಂಗಿಲ್ಲಲೇ ಆತ. ಆಣಿ ಐತಿ."

"ಈ ಕಾಲದಾಗ ಎಂಥಾ ಆಣಿ ಯವ್ವಾ?"

ಜನಾಬಾಯಿ ತಾನೇ ಹೊಸ ಫೋನಿನಿಂದ ಒಂದು ರಿಂಗ್ ಕೊಟ್ಟು ಕಾದಳು. ತಿರುಗಿ ಬರಲಿಲ್ಲ. ಮತ್ತೊಂದು ಸಂಜೆ ಹೀಗೇ ಹೋಯಿತು. ಅದರ ಮರುದಿನ ಬೆಳಿಗ್ಗೆ ಮಗ ಹೇಳಿದ: "ಈಗ ಬಂದ್ ಬರಾಕತ್ತೈತಿ. ಚಾರ್ಜ್ ಹೋಗಿರಬೇಕು."

ಆಗ ಜನಾಬಾಯಿಗೆ ನಿಜವಾಗಿ ಹೆದರಿಕೆಯಾಯಿತು. ಮಳೆಯೇ ಬರಲಿ, ಜ್ವರವೇ ಬರಲಿ, ಅವನ ಫೋನು ಬಂದ್ ಆದದ್ದು ಅವಳಿಗೆ ನೆನಪಿಲ್ಲ. ಯಾರದೋ ಬಾವಿಯ ಪಂಪಿನ ಮನೆಯಲ್ಲಾದರೂ ಚಾರ್ಜ್ ಮಾಡಿಕೊಳ್ಳುತ್ತಿದ್ದ. ಕಬ್ಬಿನ ಸಂದಿಯಲ್ಲಿ ಹಾವು ಮುಟ್ಟಿತೋ, ಹೊಳೆಯಲ್ಲಿ ಕಾಲು ಜಾರಿತೋ. ಅತ್ತ ಅವನು ಇವಳಿಗಾಗಿ ಕಾಯುತ್ತಿರಬಹುದು ಎಂದು ಮಾತ್ರ ಅವಳಿಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆಯಬೇಕು? ಸಾರಿಕಾಳ ಲಗ್ನದ ದಿನ ಕುರಿ ಈಯುತ್ತಿವೆ ಎಂದು ಅಕ್ಷತೆಗೂ ಬರದ ಮನುಷ್ಯ. ಆ ಸಿಟ್ಟನ್ನು ಅವಳು ಇನ್ನೂ ಬೆಚ್ಚಗೆ ಇಟ್ಟುಕೊಂಡಿದ್ದಳು. ಈಗ ಆ ಸಿಟ್ಟನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಅಕ್ಕಲಕೋಟದ ಬಸ್ಸು ಹಿಡಿದು, ಅಲ್ಲಿಂದ ಸೊಲ್ಲಾಪುರಕ್ಕೆ ಹೊರಟಳು. ಮಗನನ್ನು ಎಬ್ಬಿಸಿಕೊಂಡು ಟಾಕಳಿಯ ಆಚೆ, ಭೀಮಾ ದಂಡೆಗೆ, ಕುರಿ ಇದ್ದಲ್ಲಿಗೆ ಹೋಗಬೇಕು. ಗಂಡ ಇದ್ದರೆ ಬೈಯಬೇಕು. ಇಲ್ಲದಿದ್ದರೆ ಎನ್ನುವುದನ್ನು ಅವಳು ಯೋಚಿಸಲಿಲ್ಲ.

ಮಗನ ಅಂಗಡಿಯ ತುಂಬ ಒಂದೇ ಚಿತ್ರ. ಹಲ್ಲು ಕಿರಿಯುವ ಗಂಡ, ಹಲ್ಲು ಕಿರಿಯುವ ಹೆಂಡತಿ, ಇಬ್ಬರ ಕೈಯಲ್ಲೂ ಫೋನು. ನಮ್ಮವರು ಸದಾ ಹತ್ತಿರ ಎಂದು ಮರಾಠಿಯಲ್ಲಿ ಬರೆದಿತ್ತು. ಒಂದೇ ಸೋಫಾದ ಮೇಲೆ ಕೂತವರು ಹತ್ತಿರವಾಗಲು ಫೋನು ಯಾಕೆ ಬೇಕೋ ಕಂಪನಿಗೇ ಗೊತ್ತು. ಮೈಲಾರಲಿಂಗ ಗಿರಾಕಿಯೊಬ್ಬನಿಗೆ ಮರಾಠಿಯಲ್ಲಿ ಸ್ವರ್ಗ ತೋರಿಸುತ್ತಿದ್ದ. ತಾಯಿಯನ್ನು ಕಂಡು ಗಾಬರಿಯಾಗಿ, ಆಳೆತ್ತರದ ಆ ಚಿತ್ರದ ಹಲಗೆಯ ಹಿಂದೆ ಕೂಡಿಸಿದ.

"ಈ ಗಿರಾಕಿ ಮುಗಿಸಿ ಗಾಡಿ ಮಾಡಿಕೊಂಡು ಹೋಗೂನು ಯವ್ವಾ. ಐದ ಮಿನಿಟ."

ಫೈವ್‌ಜಿ ಮಾರುವವನ ಐದು ಮಿನಿಟು ಮುಗಿಯಲೇ ಇಲ್ಲ. ಅಷ್ಟರಲ್ಲಿ ಬಾಗಿಲ ಗಾಜಿಗೆ ಏನೋ ಬಡಿದ ಸಪ್ಪಳವಾಯಿತು. ಒಳಗೆ ಕುರಿಯ ವಾಸನೆ ಬಂತು. ಗಿರಾಕಿ ಮೂಗು ಮುಚ್ಚಿಕೊಂಡ. ಹಲಗೆಯ ಹಿಂದೆ ಜನಾಬಾಯಿ ಎದ್ದು ನಿಂತಳು. ಆ ವಾಸನೆ ಅವಳಿಗೆ ಗೊತ್ತಿತ್ತು.

"ಅಪ್ಪಾ!" ಎಂದ ಮೈಲಾರಲಿಂಗ.

"ಮಣ್ಣ ಯಾವಾಗ ಆತು?" ಎಂದು ಅಮೋಗಸಿದ್ಧನ ದನಿ ಕೇಳಿತು.

"ಯಾರ ಮಣ್ಣು? ಯಾರ ಸತ್ತಾರ?"

"ನನ್ನ ಮುಂದ ಮುಚ್ಚಿಡಬ್ಯಾಡಪಾ. ಅಕೀ ರಿಂಗ್ ನಿಂತೈತಿ. ಗುಂಡಿ ಒತ್ತಿದ್ರ ಯಾವಾಕಿನೋ ಮರಾಠ್ಯಾಗ ಬಂದ್ ಐತಿ ಅಂತಾಳ. ಮೊದಲ ದಿನ ಚಾರ್ಜ್ ಇರಲಿಕ್ಕಿಲ್ಲ ಅಂದೆ. ಆಮ್ಯಾಲ ಗುರ್ತಿಲ್ಲದ ನಂಬರ್ ಬಂತು, ಕಂಪನಿಯವರ ಕಾಟ ಅಂತ ಬಿಟ್ಟೆ. ನಿಂದೂ ಬರಾಕತ್ತಿತು. ವರ್ಷಕ್ಕೊಮ್ಮೆ ನೆನಸದಾಂವ ಮ್ಯಾಲಿಂದ ಮ್ಯಾಲ ಹಚ್ಚಾಕತ್ತಿ. ಆಗ ತಿಳೀತು ನನಗ. ಅಂಥಾ ಸುದ್ದಿ ಡಬ್ಬಿಯೊಳಗ ಕೇಳಬಾರದಂತ ಬಂದ್ ಮಾಡಿದೆ. ಊರಿಗೆ ಹೋಗಾಕ ಕಾಲ ಏಳಲಿಲ್ಲ. ನೀ ಹೇಳಿದ ಮ್ಯಾಲ ಹೋಗೂನಂತ ಇಲ್ಲಿಗೆ ಬಂದೆ."

ಹಲಗೆಯ ಹಿಂದೆ ಜನಾಬಾಯಿಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ತಾನು ಸತ್ತರೆ ಈ ಮನುಷ್ಯ ಕುರಿ ಮಲಗಿಸಿಯೇ ಬರುತ್ತಾನೆ ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಹಲ್ಲು ಕಿರಿಯುವ ಗಂಡಹೆಂಡಿರನ್ನು ಅತ್ತ ನೂಕಿ ಹೊರಗೆ ಬಂದಳು. ಗಂಡನ ಕಡೆ ನೋಡಲಿಲ್ಲ. ಮಗನ ಕಡೆ ತಿರುಗಿದಳು.

"ಕೇಳಲೇ ನಿಮ್ಮಪ್ಪಗ. ಕುರಿ ಯಾರ ಹಂತೇಕ ಬಿಟ್ಟ ಬಂದಾನ?"

ಅಮೋಗಸಿದ್ಧನ ಹೆಗಲ ಮೇಲಿದ್ದ ಕಂಬಳಿ ಜಾರಿತು. ಕೈಯಲ್ಲಿದ್ದ ಬಡಿಗೆಯನ್ನು ಗಟ್ಟಿ ಹಿಡಿದುಕೊಂಡ. ಅವನೂ ಮಗನಿಗೇ ಹೇಳಿದ: "ಭೀಮಣ್ಣನ ಕಡಿ ಬಿಟ್ಟೀನಿ ಅಂತ ಹೇಳು."

"ಹೆತ್ತ ಮಗಳ ಲಗ್ನಕ್ಕ ಬಿಡಲಿಲ್ಲ. ಈಗ ಹೆಂಗ ಬಿಟ್ಟ? ಕೇಳು."

ಅಮೋಗಸಿದ್ಧ ರುಮಾಲಿನ ಅಂಚನ್ನು ಕಣ್ಣಿಗೆ ಎಳೆದುಕೊಂಡ. ನಡುವೆ ನಿಂತ ಮೈಲಾರಲಿಂಗನಿಗೆ ಎದೆಯಲ್ಲಿ ಏನೋ ಆಯಿತು. ಆದರೆ ಏನು ಆದರೂ ಅವನ ಬಾಯಿಂದ ಬರುವುದು ಒಂದೇ.

"ಅಪ್ಪಾ, ನಿನಗೂ ಒಂದು ಫೈವ್‌ಜಿ ಕೊಡ್ತೀನಿ. ಇಬ್ಬರೂ ಮುಖ ನೋಡಿ ಮಾತಾಡ್ರಿ. ಇನ್ನ ಹಿಂಗ ಆಗಂಗಿಲ್ಲ."

"ಮುಖ ಇಲ್ಲೇ ಅದಾವಲ್ಲಲೇ," ಎಂದಳು ಜನಾಬಾಯಿ. "ಎದುರಾಬದುರ ನಿಂತಾವ. ಇನ್ನೂ ಎಷ್ಟ ಜಿ ಹಾಕಿದ್ರ ನಿಮ್ಮಪ್ಪ ನನ್ನ ಕೂಡ ಮಾತಾಡ್ತಾನ? ನನ್ನ ಡಬ್ಬಿ ತಗೀ ಮೊದಲ."

ಮೈಲಾರಲಿಂಗ ಕೌಂಟರಿನ ಕೆಳಗಿನ ಖಾನೆಯನ್ನು ಎಳೆದ. ಅವನು ಈವರೆಗೆ ಮಾರಿದ್ದೆಲ್ಲ ಅಲ್ಲಿ ಒಂದರ ಮೇಲೊಂದು ಬಿದ್ದಿತ್ತು. ಮುಖ ತೋರಿಸುತ್ತೇನೆಂದ ತ್ರೀಜಿ, ಅದನ್ನು ಕಚರಾ ಎಂದ ಫೋರ್‌ಜಿ, ಒಡೆದ ಗಾಜು, ಉಬ್ಬಿದ ಬ್ಯಾಟರಿ. ಹುಟ್ಟಿದಾಗ ಹೊಡೆದಾಡಿದವೆಲ್ಲ ಸತ್ತ ಮೇಲೆ ಒಂದೇ ಗೋರಿಯಲ್ಲಿ ಮಲಗಿದ್ದವು. ಜನಾಬಾಯಿ ಮೊಣಕೈವರೆಗೆ ಕೈ ಹಾಕಿ ಕೆದಕಿದಳು. ಅರಿಸಿನದ ಗುಂಡಿಗಳು ಕಂಡವು. ಕೆಂಪು ಗುಂಡಿಯನ್ನು ಒತ್ತಿ ಹಿಡಿದಳು. ಮಗ ಸತ್ತಿತೆಂದು ಸಾರಿದ್ದು ಕಣ್ಣು ಬಿಟ್ಟು, ತನ್ನ ಹಳೆಯ ರಾಗ ಹಾಡಿತು.

ಅಮೋಗಸಿದ್ಧನೂ ಸೊಂಟದ ಚೀಲದಿಂದ ತನ್ನದನ್ನು ತೆಗೆದು ಚಾಲೂ ಮಾಡಿದ, ಒಂದು ಕಾಲದಲ್ಲಿ ಸಾಯಬಣ್ಣ ಕುರಿ ಹಿಕ್ಕೆಗೆ ಕೊಟ್ಟದ್ದನ್ನು. ಎರಡನೇ ಅಂಕಿಯನ್ನು ಒತ್ತಿ ಹಿಡಿದ. ಜನಾಬಾಯಿಯ ಕೈಯಲ್ಲಿ ಒಂದು ರಿಂಗ್ ಆಯಿತು. ಕಟ್ಟಾಯಿತು. ಗಿರಾಕಿ ಮೂಗಿನಿಂದ ಕೈ ತೆಗೆದು ನೋಡುತ್ತ ನಿಂತಿದ್ದ. ಜನಾಬಾಯಿ ಗಂಡನಿಗೆ ಒಂದು ಮಾರು ದೂರದಲ್ಲಿ ನಿಂತು, ತನ್ನ ಗುಂಡಿಯನ್ನು ಒತ್ತಿದಳು. ಅವನ ಅಂಗೈಯಲ್ಲಿ ಒಂದು ರಿಂಗ್ ಆಯಿತು.

ಎದುರಿಗೇ ನಿಂತವಳನ್ನು ಬಿಟ್ಟು ಅಮೋಗಸಿದ್ಧ ಆ ಸಣ್ಣ ಬೆಳಕನ್ನೇ ನೋಡಿದ. ಅದು ಆರುವತನಕ ನೋಡಿದ. ಆಮೇಲೆ ಮಗನ ಕಡೆ ತಲೆ ಎತ್ತಿದ.

"ಅದಾಳಪಾ," ಎಂದ. "ನಿಮ್ಮವ್ವ ಅದಾಳ."

ಜಾರಿದ್ದ ಕಂಬಳಿಯನ್ನು ಹಾಸಿ, ಫೈವ್‌ಜಿಯ ಚಿತ್ರಕ್ಕೆ ಬೆನ್ನು ಕೊಟ್ಟು, ಅಂಗಡಿಯ ನೆಲದ ಮೇಲೆ ಕೂತುಕೊಂಡ.